ಹಳೇ ನೀರು

ನನ್ನ ತಮ್ಮ ಮೀನು ಸಾಕಲು ಶುರು ಮಾಡಿದಾಗ ಅಮ್ಮ ಕೇಳಿದ ಮೊದಲ ಮಾತು, "ಸಾರಿಗಾಗುತ್ತೇನೋ?" ಆಗಲ್ಲಮ್ಮ ಅಂದ. "ಹೋಗ್ಲಿ, ಹಾಲು ಕೊಡುತ್ತಾ?" ಅವನು ನಗುತ್ತಾ ನಿಂತ. "ಎರಡೂ ಇಲ್ಲ ಅಂದ್ಮೇಲೆ ಕೊಟ್ಟಿಗೆಗೆ ಯಾಕೋ ತಂದು ತುಂಬಿದ್ದೀಯ?" ಎಂದು ಗೊಣಗಿಕೊಂಡು ಒಳಗೆ ಹೋದಳು. ಭಾನುವಾರದ ಊಟಕ್ಕೆಂದು ತವರಿಗೆ ಬಂದಿದ್ದ ನಾನು ಸ್ವಲ್ಪ ಅಮ್ಮನ ಪರವಾಗಿ, ಸ್ವಲ್ಪ ತಮ್ಮನ ಪರವಾಗಿ ಮಾತಾಡಿ ಇಬ್ಬರಿಂದಲೂ ಬೈಸಿಕೊಂಡೆ.

ಅಮ್ಮನ ಸಿಟ್ಟು ಸುಮ್ಮನೆ ಬಂದದ್ದಲ್ಲ. ಕಗ್ಗದಾಸಪುರದ ನಮ್ಮ ಮನೆಯ ಹಿಂದಿರುವ ಆ ಕೊಟ್ಟಿಗೆ ಒಂದು ಕಾಲಕ್ಕೆ ಅವಳ ರಾಜ್ಯ. ನಮ್ಮ ಹೊಲಗಳು ಒಂದೊಂದಾಗಿ ಸೈಟುಗಳಾದವು, ಸೈಟುಗಳ ಮೇಲೆ ಮಹಡಿಗಳೆದ್ದವು, ಹುಲ್ಲು ಸಿಗದಾಯಿತು. ಮುಂದಿನ ಜಾಗದಲ್ಲಿ ನಾವೇ ಕಟ್ಟಿಸಿದ ಬಾಡಿಗೆ ಮನೆಗಳವರು ನಮ್ಮ ಸಗಣಿಯ ವಾಸನೆಗೆ ಮೂಗು ಮುಚ್ಚಿಕೊಂಡು ಓಡಾಡತೊಡಗಿದರು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಹಸುಗಳನ್ನು ಹೊಸಕೋಟೆ ಕಡೆಯವರಿಗೆ ಕೊಟ್ಟುಬಿಟ್ಟಳು. ಕೊನೆಯ ಹಸುವನ್ನು ಟೆಂಪೋ ಹತ್ತಿಸಿದ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಆಮೇಲೆ ವರ್ಷಗಟ್ಟಲೆ ಅಲ್ಲಿ ಹಳೆ ಸೈಕಲ್ಲು, ಒಡೆದ ಸಿಂಕು, ಬಾಡಿಗೆಯವರು ಬಿಟ್ಟುಹೋದ ಮಂಚಗಳು ಬಿದ್ದಿದ್ದವು. ತಮ್ಮ ಅದನ್ನೆಲ್ಲ ಗುಜರಿಗೆ ಹಾಕಿ, ಗೋಡೆಗೆ ಸುಣ್ಣ ಬಳಿದು, ಹಸುಗಳು ಮೇವು ತಿನ್ನುತ್ತಿದ್ದ ಗೋದಲಿಯ ಕಟ್ಟೆಯ ಮೇಲೆ ಗಾಜಿನ ತೊಟ್ಟಿಗಳನ್ನು ಸಾಲಾಗಿ ಇಟ್ಟ.

ಅವನು ಸರ್ಕಾರಿ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿದ್ದ. ಮದುವೆಯಾಗಿರಲಿಲ್ಲ. ಜಾತಕ ಕೂಡಿಬಂದರೆ ಹುಡುಗಿ ಒಪ್ಪುತ್ತಿರಲಿಲ್ಲ, ಹುಡುಗಿ ಒಪ್ಪಿದರೆ ಇವನು ಬಾಯಿ ಬಿಡುತ್ತಿರಲಿಲ್ಲ. ಹೆಣ್ಣು ನೋಡಲು ಹೋದಲ್ಲೆಲ್ಲ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಅವರ ಷೋಕೇಸಿನಲ್ಲಿ ಮೀನಿನ ತೊಟ್ಟಿ ಇದ್ದರೆ ಅದನ್ನೇ ನೋಡುತ್ತಾ ಕೂತು ಎದ್ದು ಬರುತ್ತಿದ್ದ. ಮಾತು ಅವನ ಪಾಲಿನದೂ ನನಗೇ ಬಂದಿತ್ತೆಂದು ಕಾಣುತ್ತದೆ. ನನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂದು ನಾನು ಕೆಲಸ ಮಾಡುವ ಇನ್ಶೂರೆನ್ಸ್ ಆಫೀಸಿನಲ್ಲೂ ಹೇಳುತ್ತಾರೆ, ಇಂದಿರಾನಗರದ ನಮ್ಮ ಸ್ಟಾಫ್ ಕಾಲನಿಯಲ್ಲೂ ಹೇಳುತ್ತಾರೆ. ಅಂಥ ನನ್ನ ಹೊಟ್ಟೆಯಲ್ಲೇ ಈ ಕಥೆ ಇಷ್ಟು ದಿನ ಉಳಿಯಬೇಕಾಯಿತು.

ಮೊದಲು ಅವನು ಸಾಕಿದ್ದು ಗಪ್ಪಿಗಳನ್ನು. ಅವು ಮರಿ ಹಾಕಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಕೇಳಿದವರಿಗೆಲ್ಲ ಕವರಿನಲ್ಲಿ ಹಾಕಿ ಕೊಟ್ಟು ಮುಗಿಸಿದ. ಆಮೇಲೆ ಶಿವಾಜಿನಗರದ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿರುವ ಒಂದು ಮೀನಿನ ಅಂಗಡಿಯ ಸಹವಾಸವಾಯಿತು. ಅಲ್ಲಿಂದ ಡಿಸ್ಕಸ್ ಎಂಬ ಜಾತಿಯ ಮೀನು ತಂದ. ಅಕ್ಕಿರೊಟ್ಟಿಯ ಹಾಗೆ ದುಂಡಗೆ ಚಪ್ಪಟೆಯಾಗಿ, ಕೆಂಪು ಮೈ, ಮುಖದ ಹತ್ತಿರ ಬಿಳುಪು. ನೋಡಲು ಚೆಂದವೇ ಚೆಂದ, ಸಾಕಲು ಮಾತ್ರ ಪ್ರಾಣಸಂಕಟ. ನೀರು ಬೆಚ್ಚಗಿರಬೇಕು, ಮೆದುವಾಗಿರಬೇಕು, ಯಾರಾದರೂ ಬಾಗಿಲು ದಢಾರನೆ ಹಾಕಿದರೆ ಮೂಲೆಗೆ ಹೋಗಿ ಕಪ್ಪಿಟ್ಟುಕೊಂಡು ನಿಲ್ಲುತ್ತವೆ. "ನಮ್ಮನೆ ಅಳಿಯಂದಿರಿಗೂ ಇಷ್ಟು ಉಪಚಾರ ಇಲ್ಲ" ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಪಾಡು ನೀರಿನದು. ನಮ್ಮ ಬೋರ್‌ವೆಲ್ ನೀರು ಗಡಸು, ಕಾಯಿಸಿದರೆ ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುತ್ತದೆ. ಕಾವೇರಿ ನೀರು ಮೆದು, ಆದರೆ ಅದಕ್ಕೆ ಹಾಕಿರುವ ಕ್ಲೋರಿನ್ ಔಷಧಿ ಈ ಮೀನುಗಳಿಗೆ ವಿಷ. ಅದಕ್ಕೆ ಅವನು ಕಾವೇರಿ ನೀರು ಬಂದ ದಿನ ನೀಲಿ ಡ್ರಮ್ಮುಗಳಲ್ಲಿ ತುಂಬಿ, ಬಾಯಿ ತೆರೆದಿಟ್ಟು, ಅದರೊಳಗೆ ಏರ್ ಪಂಪಿನ ಕೊಳವೆ ಬಿಟ್ಟು ಗುಳುಗುಳು ಅನ್ನಿಸುತ್ತಾ ಆ ಔಷಧಿ ಹಾರಿಹೋಗಲೆಂದು ದಿನಗಟ್ಟಲೆ ಕಾಯುತ್ತಿದ್ದ. ನಮ್ಮ ಕಾಲನಿಯ ಗೇಟಿನ ಪಕ್ಕದ ಬಾದಾಮಿ ಮರದಿಂದ ಉದುರಿದ ಒಣ ಎಲೆಗಳನ್ನು ಆರಿಸಿಕೊಂಡು ಹೋಗಿ ಅದರಲ್ಲಿ ನೆನೆಹಾಕುತ್ತಿದ್ದ. ನೀರು ಹಾಲಿಲ್ಲದ ಟೀಯ ಬಣ್ಣಕ್ಕೆ ತಿರುಗುತ್ತಿತ್ತು. ಆಗ ಅದು ಮೀನಿಗೆ ಹಾಕಲು ತಯಾರು. ಅದಕ್ಕೆ ಅವನು ಇಟ್ಟಿದ್ದ ಹೆಸರು ಹಳೇ ನೀರು. ಆ ಡ್ರಮ್ಮುಗಳನ್ನು ಯಾರೂ ಮುಟ್ಟುವಂತಿರಲಿಲ್ಲ.

ಅಮ್ಮನಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ನಿನ್ನೆಯ ನೀರು ತಂಗಳು. ಬೆಳಿಗ್ಗೆ ಎದ್ದ ಕೂಡಲೇ ಕೊಡದಲ್ಲಿ ಉಳಿದ ನೀರನ್ನು ತುಳಸಿಗೋ ಕರಿಬೇವಿಗೋ ಸುರಿದು, ಕೊಡ ಬೆಳಗಿ ಹೊಸದು ತುಂಬಬೇಕು. "ಎಲ್ರೂ ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ರೆ ನನ್ನ ಮಗ ನೀರನ್ನೇ ಉಪ್ಪಿನಕಾಯಿ ಹಾಕ್ತಾನೆ" ಎಂದು ಬಾಡಿಗೆಯವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು. ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಮೇಲಿನ ಖಾನೆಯಲ್ಲಿ ಮೀನಿಗೆಂದು ತಂದ ಕೆಂಪು ಹುಳುಗಳ ಐಸ್ ಗಡ್ಡೆ ಸಿಕ್ಕ ದಿನವಂತೂ ನನಗೆ ಫೋನ್ ಮಾಡಿ ಅತ್ತಳು.

ಡಿಸ್ಕಸ್‌ಗಳಲ್ಲಿ ಒಂದು ಜೋಡಿ ಕೂಡಿಕೊಂಡಿತು, ಉಳಿದವನ್ನು ಅವನು ಅಂಗಡಿಗೇ ವಾಪಸು ಕೊಟ್ಟ. ಕಂಟೋನ್ಮೆಂಟ್ ಕಡೆಯ ಕುಂಬಾರರಿಂದ ತಂದ ಪುಟ್ಟ ಕುಡಿಕೆಯೊಂದನ್ನು ಅವನು ತೊಟ್ಟಿಯಲ್ಲಿ ಬೋರಲು ಹಾಕಿಟ್ಟಿದ್ದ. ಗಂಡು ಹೆಣ್ಣು ಎರಡೂ ಸೇರಿ ಬಾಯಿಂದ ಅದನ್ನು ಉಜ್ಜಿ ಉಜ್ಜಿ ಸ್ವಚ್ಛ ಮಾಡಿ, ಮೊಟ್ಟೆ ಇಟ್ಟವು. ಬೆಳಗಾಗುವಷ್ಟರಲ್ಲಿ ತಾವೇ ತಿಂದುಬಿಟ್ಟವು. ಮತ್ತೆ ಇಟ್ಟವು, ಮತ್ತೆ ತಿಂದವು. ಹೀಗೇ ಎಷ್ಟು ಸಲವೋ. ತಮ್ಮ ಬಾಯಿ ಬಿಟ್ಟು ಏನೂ ಹೇಳದಿದ್ದರೂ ಊಟ ಕಡಿಮೆ ಮಾಡಿದ. ಆಗ ಕೊಟ್ಟಿಗೆಗೆ ಕಾಲಿಟ್ಟವಳು ಅಮ್ಮ.

"ಮೊದಲ ಸೂಲಿನ ಹಸು ಕೂಡ ಹಿಂಗೇ ಕಣೋ. ಜನ ಇಣುಕ್ತಾ ಇದ್ರೆ ಕರೂನ ಹತ್ರ ಸೇರ್ಸಲ್ಲ. ನೀನು ಟಾರ್ಚ್ ಹಿಡ್ಕೊಂಡು ಹೋಗಿ ಹೋಗಿ ನೋಡಿದ್ರೆ ಅವಕ್ಕೆ ಹೆದರಿಕೆ ಆಗಲ್ವಾ?" ಎಂದು ತನ್ನ ಹಳೇ ಸೀರೆಯೊಂದನ್ನು ತಂದು ತೊಟ್ಟಿಯ ಸುತ್ತ ಮರೆ ಕಟ್ಟಿದಳು. ಹಸು ಕರು ಹಾಕುವ ಹೊತ್ತಿಗೆ ಗೋಣಿಯ ಮರೆ ಕಟ್ಟುತ್ತಿದ್ದವಳಲ್ಲವೇ. ಆ ಸಲ ಮೊಟ್ಟೆ ಉಳಿಯಿತು, ಮರಿಯಾಯಿತು.

ಆ ಭಾನುವಾರ ನಾನು ಹೋದಾಗ ತಮ್ಮ ಗೇಟಿನಲ್ಲೇ ನಿಂತಿದ್ದ. "ಅಕ್ಕಾ, ಬಾ ಬಾ" ಎಂದು ಚಪ್ಪಲಿ ಬಿಡಲೂ ಬಿಡದೆ ಕರೆದುಕೊಂಡು ಹೋದ. ಸೀರೆಯ ಅಂಚು ಸರಿಸಿ ತೋರಿಸಿದ. ಸೂಜಿ ಮೊನೆಯಷ್ಟು ಮರಿಗಳು ಅಪ್ಪನ ಮೈಗೆ, ಅಮ್ಮನ ಮೈಗೆ ಕಚ್ಚಿಕೊಂಡು ಓಲಾಡುತ್ತಿದ್ದವು. ಈ ಜಾತಿಯಲ್ಲಿ ತಂದೆ ತಾಯಿಯ ಮೈಯಿಂದಲೇ ಒಂದು ಲೋಳೆ ಊರುತ್ತದಂತೆ, ಮರಿಗಳಿಗೆ ಅದೇ ಮೊದಲ ಆಹಾರ. ಒಂದಕ್ಕೆ ಸುಸ್ತಾದರೆ ಮೈ ಕೊಡವಿ ಅಷ್ಟೂ ಮರಿಗಳನ್ನು ಇನ್ನೊಂದರ ಮೈಗೆ ದಾಟಿಸುತ್ತದೆ. ಅಮ್ಮ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದವಳು ನನ್ನ ಮುಖ ನೋಡಿ, "ಹಾಲು ಕೊಡುತ್ತೆ ಕಣೇ ಇದು! ಗಂಡೂ ಕೊಡುತ್ತೆ!" ಎಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ಹಸುಗಳು ಹೋದ ಮೇಲೆ ನಾನು ಕಂಡಿರಲಿಲ್ಲ. ಸೊಪ್ಪಿನವಳಿಗೂ, ಹಾಲಿನವನಿಗೂ, ಮೇಲಿನ ಮನೆಯವರಿಗೂ "ನಮ್ಮನೇಲಿ ಬಾಣಂತನ" ಎಂದು ಹೇಳಿಕೊಂಡು ಓಡಾಡಿದಳು. ಮೊಮ್ಮಕ್ಕಳನ್ನು ಕೊಡದ ಮಗನ ಮೇಲಿದ್ದ ಕೋಪವೂ ಆ ವಾರ ಇಳಿದಿತ್ತು.

ಅದೇ ಮರಿಗಳು ಇನ್ನೂ ಅಪ್ಪ ಅಮ್ಮನ ಮೈ ಬಿಟ್ಟಿರಲಿಲ್ಲ, ತಮ್ಮ ಹೋಗಿಬಿಟ್ಟ.

ಬೆಳಿಗ್ಗೆ ಮೀನಿಗೆ ತಿನ್ನಲು ಹಾಕಿ ಬಂದವನು "ಎದೆ ಉರೀತಿದೆ ಕಣಮ್ಮ" ಅಂದನಂತೆ. ಹಿಂದಿನ ದಿನ ಅವರೆಕಾಳಿನ ಹುಳಿ ತಿಂದಿದ್ದ. ಗ್ಯಾಸ್ ಇರಬೇಕು ಎಂದು ಅಮ್ಮ ಓಮದ ನೀರು ಕುದಿಸಿ, ಆರಿಸಿ, ಲೋಟದಲ್ಲಿ ಕೊಟ್ಟಳು. ನಮ್ಮ ಮನೆಯಲ್ಲಿ ಹೊಟ್ಟೆ ಉಬ್ಬರಿಸಿದವರಿಗೆ, ಎದೆ ಉರಿದವರಿಗೆ, ಬಾಣಂತಿಯರಿಗೆ ತಲೆತಲಾಂತರದಿಂದ ಅದೇ ಮದ್ದು. ಕುಡಿದು, "ಈಗ ಪರವಾಗಿಲ್ಲ" ಎಂದು ಮಲಗಿದ. ತಿಂಡಿಗೆ ಎಬ್ಬಿಸಲು ಹೋದಾಗ ಮೈಯೆಲ್ಲ ಬೆವರಿ ಮಾತು ನಿಂತಿತ್ತು. ಬಾಡಿಗೆಯವರೊಬ್ಬರು ಕಾರಿನಲ್ಲಿ ಕರೆದುಕೊಂಡು ಹೋದರು. ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೋವು ಶುರುವಾಗಿ ಎಷ್ಟು ಹೊತ್ತಾಗಿತ್ತು ಎಂದು ಡಾಕ್ಟರು ಕೇಳಿದರು. ಅಮ್ಮ ಹೇಳಿದಳು. "ಗ್ಯಾಸ್ ಅಂದ್ಕೊಂಡ್ರಾ? ಆಗ್ಲೇ ಕರ್ಕೊಂಡು ಬರಬೇಕಿತ್ತಮ್ಮ" ಎಂದರು. ಅವರು ಮೆತ್ತಗೇ ಹೇಳಿದರು. ಆದರೂ ಅಮ್ಮ ತನ್ನ ಬಲಗೈಯನ್ನು ಮುಂದೆ ಹಿಡಿದುಕೊಂಡು ನೋಡತೊಡಗಿದಳು. "ಈ ಕೈಯಲ್ಲೇ ಕುಡಿಸಿದೆ" ಎಂದಳು. ಸುತ್ತಲಿನ ಮನೆಗಳಲ್ಲಿ ಹಸು ಕರು ಹಾಕಲಾರದೆ ಒದ್ದಾಡಿದರೆ, ಕೈಗುಣ ಇರುವವಳು ಎಂದು ಕರೆದುಕೊಂಡು ಹೋಗುತ್ತಿದ್ದದ್ದು ಇದೇ ಅಮ್ಮನನ್ನು.

ನಮ್ಮಲ್ಲಿ ಹೆತ್ತವಳು ಸ್ಮಶಾನಕ್ಕೆ ಹೋಗುವುದಿಲ್ಲ. ಹೆಣ ಮನೆಯಿಂದ ಎತ್ತಿದ ಮೇಲೆ ಉಳಿದ ಹೆಂಗಸರು ಮನೆ ತೊಳೆಯಬೇಕು. ಸಾವಿನ ಹೊತ್ತಿಗೆ ಮನೆಯಲ್ಲಿ ತುಂಬಿಟ್ಟ ನೀರೆಲ್ಲ ಸೂತಕದ ನೀರು, ಅದನ್ನು ಒಂದು ತೊಟ್ಟೂ ಉಳಿಸದೆ ಚೆಲ್ಲಿ, ಪಾತ್ರೆ ಬೆಳಗಿ, ಹೊಸ ನೀರು ತುಂಬಿ, ಗಂಜಲ ಚಿಮುಕಿಸಿ, ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಬೇಕು. ಇದನ್ನು ನಾನೂ ಎಷ್ಟೋ ಮನೆಗಳಲ್ಲಿ ಮಾಡಿದ್ದೇನೆ. ತಮ್ಮನಿಗೆ ಹೆಂಡತಿ ಮಕ್ಕಳಿಲ್ಲವಲ್ಲ, ಅದಕ್ಕೆ ಅವತ್ತು ನಾನು ಅವನ ಜೊತೆ ಹೋದೆ. ನನ್ನ ಗಂಡ ಕೊಳ್ಳಿ ಇಟ್ಟರು.

ವಾಪಸು ಬಂದು ಹೊರಗಿನ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದೆ. ಅಂಗಳದಲ್ಲಿ ನೀಲಿ ಡ್ರಮ್ಮುಗಳು ಕಂಡವು. ಚೆನ್ನಾಗಿ ಉಜ್ಜಿ ಬೋರಲು ಹಾಕಿ ಬಿಸಿಲಿಗೆ ಇಟ್ಟಿದ್ದರು. ಕೊಟ್ಟಿಗೆಗೆ ಓಡಿದೆ.

ಕೊಟ್ಟಿಗೆಯಲ್ಲಿ ಅಮ್ಮ ಒಬ್ಬಳೇ ತೊಟ್ಟಿಯ ಮುಂದೆ ಕೂತಿದ್ದಳು. ಸೀರೆಯ ಮರೆ ಬಿಚ್ಚಿ ಒಗೆದು ಒಣಹಾಕಿದ್ದರು. ಬಾದಾಮಿ ಎಲೆ ಇಲ್ಲ, ಕಂದು ಬಣ್ಣವಿಲ್ಲ, ತೊಟ್ಟಿಯಲ್ಲಿ ನೀರಿದೆಯೋ ಇಲ್ಲವೋ ಎಂಬಷ್ಟು ತಿಳಿಯಾಗಿತ್ತು. ಅವತ್ತು ಬೆಳಿಗ್ಗೆಯಷ್ಟೇ ಕಾವೇರಿ ಬಂದಿತ್ತು, ಬ್ಲೀಚಿಂಗ್ ಪುಡಿಯ ವಾಸನೆ ಬಾಗಿಲಿಗೇ ಬರುತ್ತಿತ್ತು. ನೆಲ ತೊಳೆಯುವಾಗ ಕರೆಂಟು ಹೊಡೆದೀತೆಂದು ಹೀಟರು, ಪಂಪು ಎಲ್ಲದರ ಸ್ವಿಚ್ಚು ಆರಿಸಿದ್ದರು. ದೊಡ್ಡ ಮೀನುಗಳೆರಡೂ ತಳದಲ್ಲಿ ಓರೆಯಾಗಿ ಒರಗಿ ಬಾಯಿ ಬಿಡುತ್ತಿದ್ದವು. ಮರಿಗಳು ಅವುಗಳ ಮೈ ಮೇಲೆ ಇರಲಿಲ್ಲ.

"ಆ ನೀರನ್ನೆಲ್ಲ ಚೆಲ್ಲಿಸ್ಬಿಟ್ಟೆ ಕಣೇ" ಅಂದಳು ಅಮ್ಮ. "ಅವಕ್ಕೂ ಅವನೇ ಅಲ್ವಾ ಯಜಮಾನ? ಸೂತಕದ ನೀರಲ್ಲಿ ಪಾಪ ಆ ಕೂಸುಗಳು ಯಾಕಿರ್ಬೇಕು? ನಾನೇ ಚೊಂಬಲ್ಲಿ ಹುಯ್ದೆ, ಯಾರ ಕೈಲೂ ಮಾಡಿಸ್ಲಿಲ್ಲ. ಎರಡು ಹನಿ ಗಂಜಲಾನೂ ಹಾಕಿದೀನಿ." ಆಮೇಲೆ ಮೀನುಗಳ ಕಡೆ ನೋಡಿ, "ಸಪ್ಪಗಾಗಿವೆ. ಅವಕ್ಕೂ ಗೊತ್ತಾಗಿರುತ್ತೆ, ಅವನು ಹೋದ್ನಲ್ಲ" ಎಂದಳು.

ನನಗೆ ಸಿಟ್ಟು ಬಂತು, ಕೆಟ್ಟ ಸಿಟ್ಟು. ಸಾವಿನ ಮನೆ ಎನ್ನುವುದನ್ನೂ ಲೆಕ್ಕಿಸದೆ ಕಿರುಚಬೇಕೆನಿಸಿತು. ಅವನಿಂದ ಈ ಲೋಕದಲ್ಲಿ ಉಳಿದದ್ದು ಅಷ್ಟೇ, ಆ ಗಾಜಿನೊಳಗೆ ಇದ್ದಷ್ಟೇ. ಬಾಯಿ ತೆರೆದೆ ಕೂಡ. ಅಮ್ಮ ಮತ್ತೆ ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತಿದ್ದಳು. ಒಂದು ಲೋಟ ಓಮದ ನೀರನ್ನು ಅವಳು ಸಾಯುವವರೆಗೆ ಹೊರಬೇಕಿತ್ತು. ಈ ನೀರನ್ನೂ ಅವಳ ತಲೆಯ ಮೇಲೆ ಹೇಗೆ ಹೊರಿಸಲಿ? "ಒಳಗೆ ಹೋಗಿ ಸ್ವಲ್ಪ ಒರಗಿಕೊಳ್ಳಮ್ಮ" ಎಂದು ಎಬ್ಬಿಸಿ ಕಳಿಸಿದೆ.

ಅವಳು ಹೋದ ಮೇಲೆ ಹೀಟರು ಹಾಕಿದೆ, ಪಂಪು ಹಾಕಿದೆ, ತಮ್ಮನ ಗೂಡಿನಲ್ಲಿ ಸಿಕ್ಕ ಬಾಟಲಿಯಿಂದ ನೀರಿನ ಔಷಧಿಯ ವಿಷ ಮುರಿಯುವ ಹನಿಗಳನ್ನು ಲೆಕ್ಕವಿಲ್ಲದೆ ಸುರಿದೆ. ಶಿವಾಜಿನಗರದ ಅಂಗಡಿಯವರ ನಂಬರು ನನ್ನ ಹತ್ತಿರವಿತ್ತು. ಫೋನ್ ಮಾಡಿ ಎಲ್ಲ ಹೇಳಿದೆ. "ಹಳೇ ನೀರು ಇದೆಯಾ ಅಕ್ಕಾ? ಒಂದ್ ಬಕೆಟ್ ಆದ್ರೂ?" ಎಂದು ಕೇಳಿದರು. ಇಲ್ಲ, ಎಲ್ಲ ಚೆಲ್ಲಿದ್ದಾರೆ ಅಂದೆ. "ನಾನೇ ತರ್ತೀನಿ" ಅಂದರು. ಸ್ಕೂಟರಿನ ಮುಂದೆ ಎರಡು ಕ್ಯಾನ್ ನೀರಿಟ್ಟುಕೊಂಡು ಹಲಸೂರಿನ ಟ್ರಾಫಿಕ್ ದಾಟಿ ಸಂಜೆಯೊಳಗೇ ಬಂದರು. ಅವರು ಬರುವ ಸ್ವಲ್ಪ ಮುಂಚೆ ಗಂಡು ಮೀನೂ ಬಾಯಿ ಆಡಿಸುವುದನ್ನು ನಿಲ್ಲಿಸಿತ್ತು. ನಾನು ಆಗ ಅತ್ತೆ. ಬೆಳಗಿನಿಂದ ಎಲ್ಲರನ್ನೂ ಸಂಭಾಳಿಸುತ್ತಾ ಅಳಲು ಪುರಸೊತ್ತಾಗಿರಲಿಲ್ಲ, ಎಲ್ಲ ಒಟ್ಟಿಗೇ ಬಂತು.

ಅವರು ಮೀನುಗಳನ್ನೂ, ಕಣ್ಣಿಗೆ ಸಿಕ್ಕ ಮರಿಗಳನ್ನೂ ಕವರಿಗೆ ತುಂಬಿ, ಕಪ್ಪು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಹೊರಟರು. ಸರಿಯಾಗಿ ಬಾಗಿಲಲ್ಲಿ ಅಮ್ಮ ಎದುರಾದಳು. "ಎಲ್ಲಿಗೆ ತಗೊಂಡ್ ಹೋಗ್ತಿದೀರಪ್ಪ?"

"ಅಂಗಡೀಲಿ ದೊಡ್ಡ ತೊಟ್ಟಿ ಇದೆಯಂತಮ್ಮ, ಇವರೇ ಸಾಕ್ತಾರೆ. ನಮ್ಮ ಕೈಲಿ ಆಗುತ್ತಾ?" ನನ್ನ ಬಾಯಿಂದ ಬಂತು. ಅಂಗಡಿಯವರು ನನ್ನ ಮುಖ ನೋಡಿದರು, ಆಮೇಲೆ ಅಮ್ಮನ ಮುಖ ನೋಡಿದರು.

"ಮರಿಗಳನ್ನ ತಾಯಿಯಿಂದ ಬಿಡಿಸ್ಬೇಡಪ್ಪ" ಅಂದಳು ಅಮ್ಮ.

"ಇಲ್ಲ ಅಮ್ಮ, ಬಿಡಿಸಲ್ಲ. ಎಲ್ಲಾ ಒಟ್ಟಿಗೇ ಇದಾವೆ" ಎಂದು ಹೇಳಿ ಅವರು ತಲೆ ತಗ್ಗಿಸಿಕೊಂಡು ಹೋದರು. ಆ ಚೀಲವನ್ನು ಏನು ಮಾಡಿದರೆಂದು ನಾನು ಯಾವತ್ತೂ ಕೇಳಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಕೊಟ್ಟಿಗೆಗೆ ಬೀಗ ಹಾಕಿ ಅಮ್ಮನನ್ನು ಇಂದಿರಾನಗರಕ್ಕೆ ಕರೆತಂದೆ. ನಮ್ಮ ಮನೆಯಲ್ಲಿ ಅವಳು ಎಲ್ಲರಂತೆ ಎದ್ದಳು, ಸ್ನಾನ ಮಾಡಿದಳು, ಸೊಪ್ಪು ಬಿಡಿಸಿದಳು, ಟೀವಿ ನೋಡಿದಳು. ಒಂದನ್ನು ಮಾತ್ರ ಬಿಟ್ಟಳು. ಯಾರ ಕೈಗೂ ಕುಡಿಯಲು ಕೊಡುತ್ತಿರಲಿಲ್ಲ. ಕಾಫಿ ಬೆರೆಸಿದರೆ ಅಡುಗೆಮನೆಯ ಕಟ್ಟೆಯ ಮೇಲಿಟ್ಟು "ತಗೊಳ್ರಿ" ಎಂದು ಆಚೆ ಬರುತ್ತಿದ್ದಳು. ಬಾಗಿಲಿಗೆ ಬಂದ ಕೊರಿಯರಿನವನು ನೀರು ಕೇಳಿದರೆ ನನ್ನನ್ನು ಕೂಗುತ್ತಿದ್ದಳು. ಮಳೆಯಲ್ಲಿ ನೆಂದು ಬಂದ ನನ್ನ ಗಂಡನಿಗೆ ಕೆಮ್ಮು ಹಿಡಿದಾಗ ನಾನು ಬೇಕೆಂದೇ, "ನಿನ್ನ ಮೆಣಸಿನ ಕಷಾಯ ಮಾಡಿಕೊಡಮ್ಮ" ಅಂದೆ. "ಬೇಡ ಕಣೇ, ನನ್ನ ಕೈ ಒಳ್ಳೇದಲ್ಲ. ಡಾಕ್ಟ್ರ ಹತ್ರ ಹೋಗ್ಲಿ" ಅಂದಳು. ಮೀನು ಸತ್ತದ್ದು ತಿಳಿದರೆ ಇವಳು ತನ್ನ ಕೈಯಿಂದ ತಾನೇ ನೀರು ಕುಡಿಯುವುದನ್ನೂ ಬಿಟ್ಟಾಳು ಎಂದು ನನಗೆ ಭಯವಾಯಿತು.

ಆದರೆ ಅವಳು ಮಾತಾಡುತ್ತಿದ್ದದ್ದೇ ಮೀನಿನ ವಿಷಯ. "ಮರಿಗಳು ಹೆಂಗಿದಾವಂತೆ? ತಾಯಿ ಮೈ ಬಿಟ್ವಾ?" ಬಿಟ್ಟವಂತೆ ಅಂದೆ. "ಈಗ ಎಷ್ಟು ದೊಡ್ಡವಾಗಿವೆ?" ನಾಲ್ಕಾಣೆಯಷ್ಟು. ಆಮೇಲೆ ಎಂಟಾಣೆಯಷ್ಟು. ಆಮೇಲೆ ಮಾರಿ ಬಿಸ್ಕತ್ತಿನಷ್ಟು. ಬಾಯಿಗೆ ಬಂದ ಹಾಗೆ ಹೇಳಿ ಸಿಕ್ಕಿಬೀಳಬಾರದೆಂದು ಅಂಗಡಿಯವರಿಗೆ ಫೋನ್ ಮಾಡಿ, ಬದುಕಿದ್ದಿದ್ದರೆ ಈಗ ಎಷ್ಟಿರುತ್ತಿದ್ದವು ಎಂದು ಕೇಳಿ ಹೇಳುತ್ತಿದ್ದೆ. ಅವರು ಒಂದು ಸಲವೂ ಯಾಕೆ ಎನ್ನಲಿಲ್ಲ. ಬಣ್ಣ ಬರಲು ಶುರುವಾಗಿರುತ್ತದೆ, ಮುಖದ ಬಿಳುಪು ಕಾಣುತ್ತದೆ, ತಂಟೆ ಮಾಡುವ ವಯಸ್ಸು ಅಕ್ಕಾ, ಎನ್ನುತ್ತಿದ್ದರು. ಸತ್ತ ಮರಿಗಳನ್ನು ನಾವಿಬ್ಬರೂ ಫೋನಿನಲ್ಲೇ ಸಾಕಿ ಬೆಳೆಸಿದೆವು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ತಮ್ಮನ ಮದುವೆಗೆ ನನ್ನ ಒಂದು ಸುಳ್ಳೂ ಉಪಯೋಗಕ್ಕೆ ಬರಲಿಲ್ಲ. ಅವನ ಮೀನಿನ ಮೇಲೆ ಎಲ್ಲವನ್ನೂ ಖರ್ಚು ಮಾಡಿದೆ.

ವರ್ಷದ ಕಾರ್ಯ ಹತ್ತಿರ ಬಂತು. ಎಡೆ ಕಗ್ಗದಾಸಪುರದ ಮನೆಯಲ್ಲೇ ಇಡಬೇಕು ಎಂದಳು. ಅದು ನಾನೂ ಅಂದುಕೊಂಡದ್ದೇ. ಆಮೇಲೆ, "ಅವತ್ತು ಆ ಮರಿಗಳನ್ನೂ ಮನೆಗೆ ತರ್ಸೇ. ಅವನಿಗೆ ಎಡೆ ಇಡೋ ದಿನ ಅವನ ಮಕ್ಕಳು ಬೇರೆಯವರ ಅಂಗಡೀಲಿ ಯಾಕಿರ್ಬೇಕು?" ಎಂದಳು. ನಾನು ಆಗಲಿ ಅಂದೆ.

ಅಂಗಡಿಗೆ ಹೋದೆ. ಅಂಗಡಿಯವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಟೀ ತರಿಸಿದರು. ಒಂದು ತೊಟ್ಟಿಯ ಮುಂದೆ ನಿಂತು, "ಅದೇ ವಯಸ್ಸು, ಅದೇ ಬಣ್ಣ. ಇಲ್ಲಿರೋದನ್ನೇ ತಗೊಳ್ಳಿ" ಅಂದರು. ನೋಡಿದೆ. ನಿಜವಾಗಿಯೂ ಅವೇ ಆಗಿರಬಹುದಿತ್ತು. "ಇವು ಯಾರ ಮರಿ?" ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. "ಲಿಂಗರಾಜಪುರದಲ್ಲಿ ಒಬ್ರು ಮನೇಲಿ ಮಾಡ್ತಾರೆ ಅಕ್ಕಾ, ನಿಮ್ಮ ತಮ್ಮನ ಥರಾನೇ" ಎಂದರು. ಇನ್ನೊಬ್ಬರ ಮನೆಯ ಮೀನನ್ನು ನಮ್ಮವನದು ಎಂದು ಎಡೆಯ ಮುಂದೆ ಇಡಲು ಹೊರಟಿದ್ದೆ. ಬೇಸರವಾಯಿತು, ಆದರೂ ಹಿಂದೆಗೆಯಲಿಲ್ಲ.

ಮೀನು ತರುವ ಮೊದಲು ನೀರು ಮಾಡಬೇಕಿತ್ತು. ದಿನಾ ಆಫೀಸಿನಿಂದ ಕಗ್ಗದಾಸಪುರಕ್ಕೆ ಹೋಗಿ, ಕೊಟ್ಟಿಗೆಯ ಬೀಗ ತೆಗೆದು, ಅದೇ ನೀಲಿ ಡ್ರಮ್ಮುಗಳಲ್ಲಿ ಕಾವೇರಿ ತುಂಬಿ, ಕೊಳವೆ ಬಿಟ್ಟೆ. ಕಾಲನಿಯ ಗೇಟಿನಲ್ಲಿ ಬಗ್ಗಿ ಬಾದಾಮಿ ಎಲೆ ಆರಿಸುತ್ತಿದ್ದಾಗ ವಾಚ್‌ಮನ್ನು, "ಮೇಡಂ, ಏನಾದ್ರೂ ಕಳೆದುಹೋಯ್ತಾ?" ಎಂದು ಕೇಳಿದ. ಹೂಂ ಎಂದೆ. ನೀರು ನಿಧಾನವಾಗಿ ಟೀ ಬಣ್ಣಕ್ಕೆ ತಿರುಗಿತು. ಅದನ್ನು ನೋಡುತ್ತಾ ಕೂತಿದ್ದಾಗ, ಒಂದು ಮಾತಿಲ್ಲದೆ ನನ್ನ ತಮ್ಮ ಇಲ್ಲಿ ಹೀಗೇ ಗಂಟೆಗಟ್ಟಲೆ ಕೂತಿರುತ್ತಿದ್ದ, ನಾನು ಅವನ ಪಕ್ಕ ಒಂದು ದಿನವೂ ಬಾಯಿ ಮುಚ್ಚಿಕೊಂಡು ಕೂರಲಿಲ್ಲವಲ್ಲ ಎಂದು ತುಂಬಾ ಸಂಕಟವಾಯಿತು.

ಕಾರ್ಯದ ಹಿಂದಿನ ಸಂಜೆ ಮೀನು ತಂದು ತೊಟ್ಟಿಗೆ ಬಿಟ್ಟೆ. ಕಾರ್ಯದ ದಿನ ಬೆಳಿಗ್ಗೆ ಮನೆಯೆಲ್ಲ ತೊಳೆದಾಗಿತ್ತು. ಅಮ್ಮ ಮೀನು ನೋಡಲು ಕೊಟ್ಟಿಗೆಗೆ ಬಂದಳು. ಬರುವಾಗ ನಲ್ಲಿಯಿಂದ ಒಂದು ಬಕೆಟ್ ನೀರು ತುಂಬಿಕೊಂಡು, ಕೈಯಲ್ಲಿ ಚೊಂಬು ಹಿಡಿದು ಬಂದಳು. ತೊಟ್ಟಿಯನ್ನು ನೋಡಿದ ಕೂಡಲೇ, "ಮತ್ತೆ ಕೊಳೆ ಮಾಡಿಟ್ಟಿದಾರಲ್ಲೇ ನೀರ್ನ! ಸರಿ ಆಚೆ, ಚೆಲ್ಲಿ ಹೊಸದು ಹುಯ್ತೀನಿ" ಎಂದಳು.

ನಾನು ತೊಟ್ಟಿಗೆ ಅಡ್ಡ ನಿಂತೆ. "ಆ ನೀರು ಬೇಡಮ್ಮ. ತಣ್ಣಗಿದೆ, ಅವಕ್ಕೆ ಆಗಲ್ಲ."

ಅಮ್ಮ ಚೊಂಬನ್ನು ಹಿಡಿದ ಹಾಗೇ ನಿಂತಳು. "ಅವತ್ತೂ ನಲ್ಲಿ ನೀರೇ ಹುಯ್ದಿದ್ನಲ್ಲೇ?"

ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು. "ಅವತ್ತು ಒಳ್ಳೇ ಬಿಸಿಲಿತ್ತಮ್ಮ" ಅಂದೆ. "ಇವತ್ತು ಮೋಡ ನೋಡು. ಅದಕ್ಕೇ ನಿಂಗೆ ಅಂತ ಡ್ರಮ್ಮಲ್ಲಿ ಬೇರೆ ನೀರು ಇಟ್ಟಿದೀನಿ. ಅದನ್ನ ಹುಯ್ಯಿ."

ಅವಳು ಬಾಗಿಲಿಂದ ಆಕಾಶ ನೋಡಿದಳು. ಹೂಂ, ಮೋಡ ಇದೆ ಅಂದಳು. ಬಕೆಟ್ಟಿನ ನೀರನ್ನು ಕರಿಬೇವಿನ ಬುಡಕ್ಕೆ ಸುರಿದು ಬಂದು, ಡ್ರಮ್ಮಿನಿಂದ ಚೊಂಬು ಚೊಂಬಾಗಿ ಹಳೇ ನೀರನ್ನು ತೆಗೆದು, ಸದ್ದಾಗದಂತೆ ತೊಟ್ಟಿಯ ಗೋಡೆಗುಂಟ ಇಳಿಬಿಟ್ಟಳು. ಮೀನುಗಳು ಮೊದಲು ಹಿಂದೆ ಸರಿದವು. ಆಮೇಲೆ ಒಂದೊಂದಾಗಿ ನೀರು ಬೀಳುವ ಜಾಗಕ್ಕೆ ಬಂದು ಅವಳ ಬೆರಳ ಹತ್ತಿರ ಬಾಯಿ ತಂದವು. ಅಮ್ಮ ಕೈ ತೆಗೆಯಲಿಲ್ಲ.

"ಅವತ್ತು ನಾನು ಆ ಸೂತಕದ ನೀರು ಚೆಲ್ಲಿಸ್ದೇ ಇದ್ದಿದ್ರೆ ಇವು ಉಳೀತಿದ್ವೇನೆ?" ಎಂದು ಕೇಳಿದಳು.

"ಎಲ್ಲಿ ಉಳೀತಿದ್ವಮ್ಮ" ಅಂದೆ.

"ಹಂಗಾದ್ರೆ ನನ್ನ ಕೈ ಪೂರ್ತಿ ಕೆಟ್ಟಿಲ್ಲ. ಅಲ್ವಾ?"

"ಇಲ್ಲಮ್ಮ."

ಅವಳು ಚೊಂಬನ್ನು ಕಟ್ಟೆಯ ಮೇಲಿಟ್ಟು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ. ತಮ್ಮನ ಫೋಟೋದ ಮುಂದೆ ಎಲೆ ಹಾಕಿ, ಅವನಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಆಗಿತ್ತು. ನೀರಿಡುವುದು ಬಾಕಿ ಇತ್ತು. ಅಮ್ಮ ಇಡುವುದಿಲ್ಲ ಎಂದು ಗೊತ್ತಿದ್ದರಿಂದ ಲೋಟ ನನ್ನ ಕೈಯಲ್ಲಿತ್ತು. ಅವಳು ಅದನ್ನು ನನ್ನಿಂದ ತೆಗೆದುಕೊಂಡಳು. ತಾನೇ ಕೊಡದಿಂದ ನೀರು ಬಗ್ಗಿಸಿ, ತುಳುಕದ ಹಾಗೆ ತಂದು, ಎಲೆಯ ಬಲಗಡೆ ಅವನ ಕೈಗೆ ಸಿಗುವಂತೆ ಇಟ್ಟಳು. "ಕುಡಿಯೋ ಮಗ" ಅಂದಳು.